ಪರದೇಶದ ಛತ್ರದಲ್ಲಿ ಹಬ್ಬದ ದಿನ

ಮಕ್ಕಳು ಓದಿಗಾಗಿ ಊರು ಬಿಡುವುದು ನಮ್ಮ ಸಮಾಜಕ್ಕೆ ಹೊಸದಲ್ಲ. ಬಳ್ಳಾರಿಯಲ್ಲಿ 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಸ್ಥಾಪನೆಗೊಂಡ ಕಾಲದಿಂದಲೂ ಸಿರುಗುಪ್ಪ, ಕುರುಗೋಡು ಸೀಮೆಯ ಹಳ್ಳಿಗಳ ಬಾಲಕರು ತಲೆಯ ಮೇಲೆ ಜೋಳದ ಚೀಲ, ಬಗಲಲ್ಲಿ ಹಾಸಿಗೆಯ ಸುರುಳಿ ಹೊತ್ತು ಈ ನಗರಕ್ಕೆ ಬಂದವರೇ. ಇಂದು ಅದೇ ಮನೆತನಗಳ ಮೊಮ್ಮಕ್ಕಳು ಜರ್ಮನಿಯಲ್ಲಿ, ಬ್ರಿಟನ್ನಿನಲ್ಲಿ ಓದುತ್ತಿದ್ದಾರೆ. ಡಿಸೆಂಬರಿನ ಕೊನೆಯ ವಾರ ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಕ್ರಿಸ್‌ಮಸ್ ರಜೆ. ಆ ದೇಶದ ಸಹಪಾಠಿಗಳು ತಂತಮ್ಮ ಮನೆಗಳಿಗೆ ತೆರಳುತ್ತಾರೆ. ನಮ್ಮ ಮಕ್ಕಳು ಬೆನ್ನಿಗೊಂದು ಚೀಲ ಏರಿಸಿ, ಜೊತೆಗೊಬ್ಬ ಸ್ನೇಹಿತರನ್ನು ಕೂಡಿಕೊಂಡು, ಅಗ್ಗದ ಹಾಸ್ಟೆಲುಗಳಲ್ಲಿ ತಂಗುತ್ತ ದೇಶ ನೋಡಲು ಹೊರಡುತ್ತಾರೆ.

ಸತ್ಯನಾರಾಯಣಪೇಟೆಯ ತಾಯಿಯೊಬ್ಬರು ಈ ವಿಷಯವನ್ನು ನಮ್ಮ ಮುಂದಿಟ್ಟರು. ಜರ್ಮನಿಯಲ್ಲಿ ಓದುತ್ತಿರುವ ಅವರ ಮಗಳು ಗೆಳತಿಯೊಡನೆ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ನಗರಗಳನ್ನು ಹತ್ತು ದಿನಗಳಲ್ಲಿ ಸುತ್ತಿ ಬರುವೆನೆಂದು ಬರೆದಿದ್ದಾಳಂತೆ. “ಶಾಸ್ತ್ರಿಗಳೇ, ಹಬ್ಬದ ದಿನ ಗುರುತು ಪರಿಚಯ ಇಲ್ಲದವರ ಜೋಡಿ ಒಂದೇ ಕೋಣ್ಯಾಗ ಮಲಗೋದಂದ್ರೆ ಹೆಂಗ್ರಿ? ಹೂಂ ಅನ್ಲೋ, ಬ್ಯಾಡ ಅನ್ಲೋ?” ಎಂದು ಕೇಳಿದರು. ಇಂಥ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಇರುವುದರಿಂದ ಉತ್ತರವನ್ನು ಈ ಅಂಕಣದಲ್ಲಿಯೇ ಬರೆಯುತ್ತಿದ್ದೇವೆ.

ಮೊದಲು ಈ ಹಾಸ್ಟೆಲು ಹುಟ್ಟಿದ ಬಗೆಯನ್ನು ತಿಳಿಯಬೇಕು. ಅದು ಲಾಭಕ್ಕಾಗಿ ಹುಟ್ಟಿದ್ದಲ್ಲ. ರಿಚರ್ಡ್ ಶಿರ್‌ಮನ್ ಎಂಬ ಜರ್ಮನ್ ಶಾಲಾಶಿಕ್ಷಕ 1909ರ ಆಗಸ್ಟ್ ತಿಂಗಳಲ್ಲಿ ತನ್ನ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದ. ದಾರಿಯಲ್ಲಿ ಗುಡುಗು ಸಹಿತ ಮಳೆ ಸುರಿಯಿತು. ರಜೆಯಿಂದಾಗಿ ಬರಿದಾಗಿದ್ದ ಹಳ್ಳಿಯ ಶಾಲೆಯೊಂದರಲ್ಲಿ ಆಶ್ರಯ ಸಿಕ್ಕಿತು; ಊರವರು ಮಲಗಲು ಹುಲ್ಲು, ಕುಡಿಯಲು ಹಾಲು ಕೊಟ್ಟರು. ನಡೆದು ಬರುವ ಮಕ್ಕಳಿಗೆ ಊರೂರಿನಲ್ಲಿ ಇಂಥದೊಂದು ಸೂರು ಏಕಿರಬಾರದು ಎಂಬ ಯೋಚನೆ ಆ ರಾತ್ರಿ ಆತನಲ್ಲಿ ಮೂಡಿತು. 1912ರಲ್ಲಿ ಆಲ್ಟೆನಾ ಎಂಬಲ್ಲಿಯ ಹಳೆಯ ಕೋಟೆಯೊಳಗೆ ಮೊದಲ ಶಾಶ್ವತ ಯುವಜನ ನಿಲಯ ತೆರೆಯಿತು.

ಕ್ರಿಸ್‌ಮಸ್ಸಿಗೂ ಈ ನಿಲಯಗಳಿಗೂ ಇನ್ನೂ ಆಳವಾದ ನಂಟುಂಟು. ಮೊದಲನೆಯ ಮಹಾಯುದ್ಧದಲ್ಲಿ ಶಿರ್‌ಮನ್ ಸೈನಿಕನಾಗಿ ಫ್ರಾನ್ಸಿನ ವೋಸ್ಜ್ ಪರ್ವತಗಳಲ್ಲಿದ್ದ. 1915ರ ಕ್ರಿಸ್‌ಮಸ್ ದಿನ ಹಿಂದಿನ ಹಳ್ಳಿಗಳಿಂದ ಚರ್ಚಿನ ಗಂಟೆ ಕೇಳಿಬಂದಾಗ ಎರಡೂ ಕಡೆಯ ಸೈನಿಕರು ತಾವಾಗಿಯೇ ಕಾಳಗ ನಿಲ್ಲಿಸಿ, ಕಂದಕಗಳ ನಡುವಿನ ದಾರಿಗಳಿಂದ ಪರಸ್ಪರ ಭೇಟಿಯಾಗಿ, ತಮ್ಮಲ್ಲಿದ್ದ ತಿನಿಸುಗಳನ್ನು ಹಂಚಿಕೊಂಡರು. ವೈರಿಯೆಂದು ತಿಳಿದವನ ಮುಖವನ್ನು ಒಮ್ಮೆ ಹತ್ತಿರದಿಂದ ಕಂಡಮೇಲೆ ಶಿರ್‌ಮನ್ನನಿಗೆ ತನ್ನ ನಿಲಯಗಳ ಅರ್ಥ ವಿಸ್ತಾರಗೊಂಡಿತು. ಎಲ್ಲ ದೇಶಗಳ ಯುವಜನರು ಒಂದೆಡೆ ಕೂಡಿ ಒಬ್ಬರನ್ನೊಬ್ಬರು ಅರಿಯುವ ತಾಣಗಳು ಬೇಕೆಂದು ಬಗೆದು, 1919ರಲ್ಲಿ ಜರ್ಮನಿಯ ಯುವಜನ ನಿಲಯಗಳ ಸಂಘವನ್ನು ಕಟ್ಟಿದ. ಆ ಬೀಜವೇ ಲೋಕದಾದ್ಯಂತ ಹಬ್ಬಿತು. ಖಾಸಗಿಯವರು ಲಾಭಕ್ಕಾಗಿ ನಡೆಸುವ ಹಾಸ್ಟೆಲುಗಳೂ ಇಂದು ಹೇರಳವಾಗಿವೆಯಾದರೂ ಸಾಮಾನ್ಯ ಅಡುಗೆಮನೆ, ಸಾಲು ಮಂಚ, ಎಲ್ಲರೂ ಕೂಡುವ ಪಡಸಾಲೆ ಎಂಬ ಪದ್ಧತಿ ಹಾಗೆಯೇ ಉಳಿದಿದೆ.

ಕ್ರಿಸ್‌ಮಸ್ಸಿನ ಮೂಲಕಥೆಯೂ ತಂಗುದಾಣದ ಕಥೆಯೇ ಅಲ್ಲವೇ? ಛತ್ರದಲ್ಲಿ ಎಡೆ ದೊರೆಯದ್ದರಿಂದ ಪಯಣಿಗಳಾಗಿದ್ದ ತಾಯಿ ಆಗತಾನೆ ಹುಟ್ಟಿದ ಮಗುವನ್ನು ದನದ ಗೋದಲೆಯಲ್ಲಿ ಮಲಗಿಸಿದಳು. ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವುದೇ ಪೂಜೆಯೆಂದು ನಂಬಿದ ದಾಸೋಹ ಪರಂಪರೆಯವರಿಗೆ ಈ ಕಥೆ ಪರಕೀಯವೆನಿಸಲಾರದು. ತುಮಕೂರಿನ ಸಿದ್ಧಗಂಗೆಯಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಮತದ ಪ್ರಶ್ನೆಯಿಲ್ಲದೆ ಉಂಡು ಓದುವುದನ್ನು ಕಂಡವರು, ಅಪರಿಚಿತರ ನಡುವಿನ ಮಲಗು ಎಂಬ ಮಾತಿಗೆ ಬೆಚ್ಚಬೇಕಾಗಿಲ್ಲ.

ಆದ್ದರಿಂದ ಆ ತಾಯಿಗೆ ನಮ್ಮ ಉತ್ತರ “ಹೋಗಿ ಬರಲಿ” ಎಂಬುದೇ. ಆದರೆ ಸಿದ್ಧತೆಯಿಲ್ಲದೆ ಹೋಗಬಾರದು. ನಮ್ಮ ದೀಪಾವಳಿಯಲ್ಲಿ ಪೇಟೆ ತೆರೆದು ಗಿಜಿಗುಟ್ಟುತ್ತದೆ. ಅವರ ಕ್ರಿಸ್‌ಮಸ್ಸಿನಲ್ಲಿ ಪೇಟೆ ಮುಚ್ಚಿ ಮೌನವಾಗುತ್ತದೆ. ಜರ್ಮನಿಯಲ್ಲಿ ಡಿಸೆಂಬರ್ 24ರ ಮಧ್ಯಾಹ್ನಕ್ಕೇ ಅಂಗಡಿಗಳು ಮುಚ್ಚುತ್ತವೆ. 25, 26 ಎರಡೂ ದಿನ ರಜೆ. ಬ್ರಿಟನ್ನಿನಲ್ಲಿ 25ರಂದು ರೈಲುಗಳೇ ಓಡುವುದಿಲ್ಲ. ಕೆಲವು ಹಾಸ್ಟೆಲುಗಳೂ ಆ ದಿನಗಳಲ್ಲಿ ಬಾಗಿಲು ಹಾಕುವುದುಂಟು. ಆದ್ದರಿಂದ 24ರಿಂದ 26ರವರೆಗೆ ಒಂದೇ ಊರಿನಲ್ಲಿ ನೆಲೆ ನಿಲ್ಲಬೇಕು. ಆ ನಿಲಯ ತೆರೆದಿರುವುದನ್ನು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಮೂರು ದಿನದ ದಿನಸಿಯನ್ನು ಮುಂಚೆಯೇ ತಂದಿಡಬೇಕು.

ಹೆಣ್ಣುಮಕ್ಕಳಿಗಾಗಿಯೇ ಪ್ರತ್ಯೇಕ ಕೋಣೆಗಳು ಅನೇಕ ಹಾಸ್ಟೆಲುಗಳಲ್ಲಿವೆ, ಕೇಳಿ ಪಡೆಯಬೇಕು. ಸಾಮಾನಿನ ಪೆಟ್ಟಿಗೆಗೆ ಹಾಕಲು ಸ್ವಂತ ಬೀಗ ಒಯ್ಯಬೇಕು. ಜರ್ಮನಿಯ ವಾಸದ ಪರವಾನಗಿ ಇರುವವರು ಷೆಂಗೆನ್ ಒಪ್ಪಂದದ ಇತರ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮೀರದಂತೆ ಸಂಚರಿಸಬಹುದು. ಬ್ರಿಟನ್ನಿಗೆ ಮಾತ್ರ ಬೇರೆ ವೀಸಾ ಬೇಕು. ಇನ್ನು ಬುತ್ತಿಯ ಮಾತು. ಹೊರದೇಶದಿಂದ ಐರೋಪ್ಯ ಒಕ್ಕೂಟಕ್ಕೆ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ. ತಾಯಂದಿರು ತುಪ್ಪ, ಪೇಡೆಗಳನ್ನು ಕಟ್ಟಿಕೊಟ್ಟರೆ ಅವು ವಿಮಾನ ನಿಲ್ದಾಣದ ಕಸದ ಪಾಲಾಗುವುವು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಜೋಡಿ ನಮ್ಮ ಸೀಮೆಯ ಹಳೆಯ ಪ್ರಯಾಣದ ಸಂಗಾತಿ. ಹಾಸ್ಟೆಲಿನ ಅಡುಗೆಮನೆಯಲ್ಲಿ ಅವನ್ನು ಹತ್ತು ಜನರೊಡನೆ ಹಂಚಿಕೊಂಡರೆ ಹಬ್ಬದೂಟವೇ ಆದೀತು. ಇಷ್ಟಲಿಂಗ ಧರಿಸಿದವರು ಪೂಜೆಗೆ ಗುಡಿ ಹುಡುಕಬೇಕಾಗಿಲ್ಲ. ಉಳಿದವರು ಏಳುವ ಮುನ್ನ ಮಂಚದ ಮೇಲೆ ಕುಳಿತರೆ ಸಾಕು.

ಇಷ್ಟು ಹೇಳಿದ ಮೇಲೆ, ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಮಾತು ಅರ್ಧವಾದೀತು. ನಮ್ಮ ಮಕ್ಕಳು ಅಲ್ಲಿ ಅಲೆಯುವ ಅದೇ ಡಿಸೆಂಬರಿನಲ್ಲಿ ಅವರ ಮಕ್ಕಳು ನಮ್ಮ ಹಂಪೆಯಲ್ಲಿರುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಹಂಪೆ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಬಿಸಿಲು ತಗ್ಗಿದ ಆ ದಿನಗಳಲ್ಲಿ ಬೆನ್ನುಚೀಲದ ಯುವಕ ಯುವತಿಯರು ತಮ್ಮ ಕ್ರಿಸ್‌ಮಸ್ಸನ್ನು ತುಂಗಭದ್ರೆಯ ದಡದಲ್ಲಿ ಕಳೆಯುವುದನ್ನು ನಾವು ವರ್ಷವರ್ಷವೂ ಕಂಡಿದ್ದೇವೆ. ಹೊಳೆಯಾಚೆಯ ವಿರುಪಾಪುರ ಗಡ್ಡೆಯ ವಸತಿಗಳು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2020ರಲ್ಲಿ ತೆರವಾದವು. ಆನೆಗುಂದಿ, ಸಾಣಾಪುರಗಳ ಕಡೆ ತಂಗುವುದು ಮುಂದುವರಿಯಿತು.

ಆ ಸಾಣಾಪುರದ ಕಾಲುವೆಯ ಬಳಿ 2025ರ ಮಾರ್ಚಿಯಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ರಾತ್ರಿ ನಕ್ಷತ್ರ ನೋಡಲು ಕುಳಿತಿದ್ದ ಪ್ರವಾಸಿಗರ ಮೇಲೆ ದುರುಳರು ಎರಗಿದರು. ಇಸ್ರೇಲಿನ ಯುವತಿಯೂ ಆಕೆಗೆ ತಂಗಲು ಎಡೆಕೊಟ್ಟಿದ್ದ ನಮ್ಮ ಸೀಮೆಯ ಹೆಣ್ಣುಮಗಳೂ ಅತ್ಯಾಚಾರಕ್ಕೆ ಗುರಿಯಾದರು; ಒಡಿಶಾದ ಯುವಕನೊಬ್ಬ ಕಾಲುವೆಯ ನೀರಿನ ಪಾಲಾದ. ಅತಿಥಿಯ ಮೇಲೂ ಅತಿಥಿಯನ್ನು ಕಾಯುವವಳ ಮೇಲೂ ಕೈಮಾಡಿದ ಆ ಪಾತಕವನ್ನು ಯಾರೋ ಮೂವರ ದುಷ್ಟತನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ದೂರದೇಶದ ತಾಯಿಯೊಬ್ಬಳು ನಮ್ಮ ನೆಲವನ್ನು ನಂಬಿ ಮಗಳನ್ನು ಕಳುಹಿಸಿದ್ದಳೆಂಬುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ.

ನಮ್ಮ ಮಗಳಿಗೆ ವಿಯೆನ್ನಾದಲ್ಲಿ ಸುರಕ್ಷಿತ ಮಂಚ ದೊರೆಯಲೆಂದು ಬಯಸುವ ನಾವು, ಹಂಪೆಗೆ ಬಂದ ಮಗಳನ್ನು ಯಾವ ಕಣ್ಣಿನಿಂದ ನೋಡುತ್ತಿದ್ದೇವೆ? ಆಟೋದ ನ್ಯಾಯವಾದ ಬಾಡಿಗೆಯನ್ನು ಹೇಳುವೆವೋ, ಮೂರುಪಟ್ಟು ಕೇಳುವೆವೋ? ಆಕೆಯ ಉಡುಪನ್ನು ಕಂಡು ನಗುವ ಹುಡುಗರನ್ನು ಗದರುವೆವೋ, ಸುಮ್ಮನಿರುವೆವೋ? 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಪರದೇಶಿ ಇಲ್ಲಿಯ ಜನರಿಂದಲೇ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದ. ಅಪರಿಚಿತನಿಗೆ ಭಾಷೆಯನ್ನೇ ಕೊಟ್ಟ ಊರು ನಮ್ಮದು.

ಈ ಡಿಸೆಂಬರಿನಲ್ಲಿ ಹೊಸಪೇಟೆ, ಗಂಗಾವತಿ, ಬಳ್ಳಾರಿಗಳ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಬೆನ್ನುಚೀಲದ ಪಯಣಿಗರು ಎದುರಾದರೆ ಸರಿಯಾದ ದಾರಿ ತೋರಿಸಿರಿ. ಅನುಕೂಲವಿದ್ದವರು ಹೆಣ್ಣುಮಕ್ಕಳಿರುವ ತಮ್ಮ ಮನೆಗೆ ಕರೆದು ರೊಟ್ಟಿ, ಎಣ್ಣೆಗಾಯಿ ಬಡಿಸಿರಿ. ಮನೆಯ ಗಂಡುಮಕ್ಕಳು ಆ ಪಂಕ್ತಿಯಲ್ಲಿ ತಪ್ಪದೆ ಕುಳಿತಿರಲಿ. ಪರಸ್ತ್ರೀಯನ್ನು ತಾಯಂತೆ ಕಾಣಬೇಕೆಂದು ನೂರು ಸಲ ಬೋಧಿಸುವುದಕ್ಕಿಂತ, ಅತಿಥಿಗೆ ನೀರು ತಂದುಕೊಡುವ ಕೆಲಸ ಒಮ್ಮೆ ಮಾಡಿಸುವುದು ಮೇಲು.