ಕಾಂಡ್ಲಾ ಕಾಡೂ ಇಂಗಾಲದ ಲೆಕ್ಕವೂ

ಮಂಡಿ ಮೊಹಲ್ಲಾದಲ್ಲಿ ಕುಳಿತು ಸಮುದ್ರತೀರದ ಕಾಡಿನ ವಿಚಾರ ಬರೆಯಲು ಈ ಮೇಷ್ಟರಿಗೇನು ಅಧಿಕಾರ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಮಂಗಳೂರಿಗೆ ಇಲ್ಲಿಂದ ರಸ್ತೆಯಲ್ಲಿ ಸುಮಾರು ೨೫೦ ಕಿಲೋಮೀಟರ್ ದೂರ. ಆದರೆ ಕರಾವಳಿಯ ಮೀನು ನಮ್ಮ ಊರಿನ ಮಾರುಕಟ್ಟೆಗೂ ಬರುತ್ತದೆ. ಅಲ್ಲದೆ, ದೊಡ್ಡ ಕಂಪನಿಯೊಂದರಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು, ತಮ್ಮ ಸಂಸ್ಥೆಯು ಕಾಂಡ್ಲಾ ಸಸಿಗಳನ್ನು ನೆಡಿಸಲು ಹಣ ಕೊಡುವ ಯೋಚನೆಯಲ್ಲಿದೆಯೆಂದು ತಿಳಿಸಿ ನನ್ನ ಅಭಿಪ್ರಾಯ ಕೇಳಿದ್ದಾರೆ. ಇಂಥ ಸ್ಥಾನಗಳಲ್ಲಿ ನಿಮ್ಮಲ್ಲಿ ಇನ್ನೂ ಹಲವರಿರುವುದರಿಂದ ಉತ್ತರವನ್ನು ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಮರದ ವಿಚಾರ. ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಬೆರೆಯುವ ಅಳಿವೆಯ ಕೆಸರಿನಲ್ಲಿ ಬೆಳೆಯುವ ಮರಗಳಿಗೆ ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ. ಕೆಲವಕ್ಕೆ ಊರುಗೋಲಿನಂಥ ಬೇರುಗಳು. ಕೆಲವಕ್ಕೆ ಕೆಸರಿನಿಂದ ಮೇಲಕ್ಕೆ ಮೊಳೆಗಳಂತೆ ಚಾಚಿ ಗಾಳಿ ಹೀರುವ ಉಸಿರುಬೇರುಗಳು. ರೈಜೋಫೊರಾ ಜಾತಿಯ ಬೀಜವಂತೂ ತಾಯಿಮರದಲ್ಲಿರುವಾಗಲೇ ಮೊಳಕೆಯೊಡೆದು ಆಮೇಲೆ ಕೆಳಗೆ ಬೀಳುತ್ತದೆ. ಈ ಬೇರುಗಳ ನಡುವೆ ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುತ್ತವೆ. ಅಲೆಯ ರಭಸ ತಗ್ಗಿ ದಡದ ಮಣ್ಣು ಉಳಿಯುತ್ತದೆ.

ಈಗ ಜಗತ್ತು ಈ ಮರದ ಕಡೆ ತಿರುಗಿರುವುದು ಇಂಗಾಲಕ್ಕಾಗಿ. ಉದುರಿದ ಎಲೆ, ಸತ್ತ ಬೇರು ನೀರು ನಿಂತ ಕೆಸರಿನಲ್ಲಿ ಹೂತುಹೋದಾಗ ಅಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಬೇಗ ಕೊಳೆಯುವುದಿಲ್ಲ. ಹೀಗಾಗಿ ಈ ಕಾಡುಗಳ ಇಂಗಾಲದ ಬಹುಪಾಲು ಮರದಲ್ಲಿರದೆ ಮಣ್ಣಿನಲ್ಲಿ ಶತಮಾನಗಳ ಕಾಲ ಉಳಿಯುತ್ತದೆ. ಇದನ್ನೇ 'ನೀಲಿ ಇಂಗಾಲ' ಎನ್ನುವುದು. ಇದರಿಂದ ಹೊರಡುವ ಮೊದಲ ಪಾಠವೆಂದರೆ, ಇರುವ ಹಳೆಯ ಕಾಡನ್ನು ಉಳಿಸುವುದು ಹೊಸ ಸಸಿ ನೆಡುವುದಕ್ಕಿಂತ ದೊಡ್ಡ ಕೆಲಸ. ಹಳೆಯ ಕಾಡನ್ನು ಅಗೆದು ಕೆಡವಿದರೆ ಕೆಸರಿನಲ್ಲಿ ಅಡಗಿದ್ದುದು ಮತ್ತೆ ಗಾಳಿಗೆ ಸೇರುತ್ತದೆ. ಹೊಸ ಸಸಿ ಅಷ್ಟನ್ನು ಕೂಡಿಸಲು ಹಲವು ತಲೆಮಾರು ಬೇಕು.

ನಮ್ಮ ರಾಜ್ಯದಲ್ಲಿ ಈ ಕಾಡು ಇರುವುದೇ ಅಲ್ಪ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ೨೦೨೧ರ ವರದಿಯ ಪ್ರಕಾರ ದೇಶದ ೪,೯೯೨ ಚದರ ಕಿಲೋಮೀಟರುಗಳಲ್ಲಿ ಕರ್ನಾಟಕದ ಪಾಲು ಕೇವಲ ೧೩. ಅದರಲ್ಲಿ ಹೆಚ್ಚಿನದು ಉತ್ತರ ಕನ್ನಡದ್ದು. ಕಾರವಾರದ ಕಾಳಿ, ಕುಮಟೆಯ ಅಘನಾಶಿನಿ, ಕುಂದಾಪುರದ ಪಂಚಗಂಗಾವಳಿ ಅಳಿವೆಗಳಲ್ಲಿ ಅದು ಹರಡಿದೆ. ಕೇಂದ್ರ ಸರ್ಕಾರವು ೨೦೨೩ರಲ್ಲಿ 'ಮಿಷ್ಟಿ' ಎಂಬ ಯೋಜನೆಯಡಿ ದೇಶದಲ್ಲಿ ೫೪೦ ಚದರ ಕಿಲೋಮೀಟರ್ ಕಾಂಡ್ಲಾ ಬೆಳೆಸುವ ಗುರಿಯಿಟ್ಟಿತು. ನಮ್ಮ ರಂಗನತಿಟ್ಟಿಗೆ ೨೦೨೨ರಲ್ಲಿ ದೊರೆತ ರಾಮ್‌ಸಾರ್ ಮನ್ನಣೆ ಅಘನಾಶಿನಿ ಅಳಿವೆಗೂ ೨೦೨೪ರಲ್ಲಿ ದೊರೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ.

ಆದರೆ ನನ್ನ ಆತಂಕ ಬೇರೆ ಇದೆ. ಬಹಳ ವರ್ಷಗಳ ಹಿಂದೆ ಗೋಕರ್ಣದ ಪ್ರವಾಸದಲ್ಲಿ ತದಡಿಯ ದಡದಲ್ಲಿ ದೋಣಿಗಾಗಿ ಕಾದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಇಳಿತದ ಹೊತ್ತಿನಲ್ಲಿ ಹೆಂಗಸರು ಕೆಸರಿನಲ್ಲಿ ಬಾಗಿ ಬೆಳಚು ಆರಿಸುತ್ತಿದ್ದರು. ಬೆಳಚೆಂದರೆ ಎರಡು ಚಿಪ್ಪಿನ ಜೀವಿ. ಅಲ್ಲಿನ ಬಡವರಿಗೆ ಊಟವೂ ಅದೇ, ಸಂತೆಯ ಕಾಸೂ ಅದೇ. ದೂರದಿಂದ ಬಂದವರ ಕಣ್ಣಿಗೆ ಆ ಬಯಲು ಬರಿಯ ಪಾಳು ಕೆಸರು. ಸಸಿ ನೆಡಲು ಜಾಗ ಹುಡುಕುವವರು ಮೊದಲು ಬೆರಳು ತೋರುವುದು ಇಂಥ ಬಯಲಿಗೇ. ಆ ಬಯಲಿಗೆ ಆ ಹೆಂಗಸರ ಹೆಸರಿನಲ್ಲಿ ಪಹಣಿಯಿಲ್ಲ. ಅವರ ಹಕ್ಕು ಏನಿದ್ದರೂ ದಿನನಿತ್ಯದ ರೂಢಿಯಲ್ಲಿದೆ. ಅಲ್ಲಿ ದಟ್ಟವಾಗಿ ಸಸಿ ನೆಟ್ಟು ಬೇಲಿ ಹಾಕಿದರೆ ಇಂಗಾಲದ ಪುಸ್ತಕದಲ್ಲಿ ಜಮೆ, ಆ ಮನೆಗಳ ಒಲೆಯಲ್ಲಿ ಖರ್ಚು.

ಇಂಥ ನೆಡುವಿಕೆ ಇಂಗಾಲಕ್ಕೂ ಒದಗದು. ಫಿಲಿಪೀನ್ಸ್ ದೇಶದಲ್ಲಿ ದಶಕಗಳ ಕಾಲ ಲಕ್ಷಾಂತರ ಸಸಿಗಳನ್ನು ನೆಟ್ಟರೂ ಬಹುಭಾಗ ಸತ್ತವು. ಕಾಂಡ್ಲಾ ಸಹಜವಾಗಿ ಬೆಳೆಯದ, ಸದಾ ನೀರಿನಲ್ಲಿ ಮುಳುಗುವ ತಗ್ಗಿನಲ್ಲಿ ನೆಟ್ಟದ್ದೇ ಮುಖ್ಯ ಕಾರಣ. ಉಬ್ಬರವಿಳಿತ ಸರಿಯಾಗಿದ್ದಲ್ಲಿ ಬೀಜ ತಾನೇ ತೇಲಿಬಂದು ಊರಿಕೊಳ್ಳುತ್ತದೆ. ಆದ್ದರಿಂದ ಮೊದಲು ನೀರಿನ ದಾರಿಯನ್ನು ಬಿಡಿಸಬೇಕು.

ಅದಕ್ಕೆ ತಕ್ಕ ಜಾಗವೂ ಅಘನಾಶಿನಿಯ ದಡದಲ್ಲೇ ಇದೆ. ಅಲ್ಲಿನ ಗಜನಿ ಭೂಮಿಯಲ್ಲಿ ರೈತರು ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಎಂಬ ಭತ್ತ ಬೆಳೆಯುತ್ತಿದ್ದರು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಿದ್ದರು. ಕಾಲಕ್ರಮದಲ್ಲಿ ಸಿಗಡಿ ಸಾಕಣೆಯ ಆಸೆಯೂ ಒಡ್ಡುಗಳ ಅಲಕ್ಷ್ಯವೂ ಸೇರಿ ಹಲವೆಡೆ ಗದ್ದೆಗಳು ಪಾಳುಬಿದ್ದವು. ಅಂಥಲ್ಲಿ, ರೈತರು ಒಪ್ಪಿದರೆ, ಕಾಂಡ್ಲಾ ಮರಳಿ ಬರಲಿ. ಕಗ್ಗ ಇನ್ನೂ ಉಳಿದಿರುವಲ್ಲಿ ಕಾಂಡ್ಲಾ ಒಡ್ಡಿನ ಅಂಚಿಗೆ ನಿಂತು ಮಣ್ಣು ಕಾಯಲಿ. ಬೆಳಚಿನ ಬಯಲನ್ನು ಬೆಳಚಿಗೇ ಬಿಡಲಿ.

ಹಣದ ಮಾತಿಗೆ ಕೀನ್ಯಾ ದೇಶದ ಗಾಜಿ ಕೊಲ್ಲಿಯ ಉದಾಹರಣೆ ಹೇಳುತ್ತೇನೆ. ಅಲ್ಲಿ 'ಮಿಕೋಕೋ ಪಮೋಜಾ' ಎಂಬ ಯೋಜನೆಯಡಿ ಊರಿನವರೇ ೧೧೭ ಹೆಕ್ಟೇರ್ ಕಾಂಡ್ಲಾ ಕಾಡನ್ನು ಕಾಯುತ್ತಾರೆ. ಇಂಗಾಲದ ಮಾರಾಟದಿಂದ ಬಂದ ಹಣ ಕುಡಿಯುವ ನೀರಿಗೂ ಶಾಲೆಗೂ ವಿನಿಯೋಗವಾಗಿದೆ. ಕಾಡು ಚಿಕ್ಕದು; ಆದರೆ ಖರ್ಚಿನ ತೀರ್ಮಾನ ಊರಿನವರದು. ನಮ್ಮಲ್ಲಿಯೂ ಅದು ಆಗಬಾರದೇಕೆ?

ಆದುದರಿಂದ ನನ್ನ ಸಲಹೆ ಇಷ್ಟು. ಹಣ ಕೊಡುವ ಸ್ಥಾನದಲ್ಲಿರುವವರು ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಈ ಜಾಗದಲ್ಲಿ ಹಿಂದೆ ಕಾಂಡ್ಲಾ ಇತ್ತೇ? ಈ ಕೆಸರಿನಲ್ಲಿ ಇಂದು ಯಾರು ದುಡಿಯುತ್ತಿದ್ದಾರೆ, ಅವರು ಒಪ್ಪಿದ್ದಾರೆಯೇ? ಐದು ವರ್ಷದ ಮೇಲೆ ಬದುಕುಳಿದ ಗಿಡಗಳನ್ನು ಯಾರು ಎಣಿಸುತ್ತಾರೆ? ಶಾಲೆಯಲ್ಲಿ ಹಾಜರಾತಿಯನ್ನು ದಾಖಲಾತಿಯ ದಿನ ಮಾತ್ರ ತೆಗೆದುಕೊಂಡು ಮುಗಿಸುವುದಿಲ್ಲ, ವರ್ಷವಿಡೀ ತೆಗೆದುಕೊಳ್ಳುತ್ತೇವೆ. ಸಸಿಗಳಿಗೂ ಅದೇ ನಿಯಮ ಸಲ್ಲಬೇಕು.

ಈ ಪ್ರಶ್ನೆಗಳಿಗೆ ನೇರ ಉತ್ತರ ದೊರೆತರೆ ಧಾರಾಳವಾಗಿ ಕೊಡಿ. ದೊರೆಯದಿದ್ದರೆ, ನೆಟ್ಟ ಸಸಿಯ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರವನ್ನು ನನಗೆ ಕಳುಹಿಸಬೇಡಿ. ಕರಾವಳಿಯಲ್ಲಿ ನೆಲೆಸಿರುವ ಬಂಧುಗಳು ಅಲ್ಲಿ ಕಣ್ಣಾರೆ ಕಂಡದ್ದನ್ನು ಬರೆದರೆ ಸಂತೋಷದಿಂದ ಓದುತ್ತೇನೆ.