ತೋಳಿನ ಬೆಲೆ, ಯಾರ ನಷ್ಟ?

ಅಮೆರಿಕದ ಬೇಸ್‌ಬಾಲ್ ನಮ್ಮ ಬಳಗದ ಹರಟೆಗೆ ಬರುವುದು ಅಪರೂಪ. ಬಂದದ್ದು ಒಂದು ಹೆಸರಿನ ನೆಪದಲ್ಲಿ: ಕುಮಾರ್ ರಾಕರ್. ತಾಯಿಯ ಕಡೆಯಿಂದ ಭಾರತೀಯ ಮೂಲದವನಾದ ಈ ಪಿಚರನನ್ನು ನಮ್ಮಲ್ಲಿ ಕೆಲವರು ‘ನಮ್ಮವನೇ’ ಎಂದು ಹೇಳಿ ಹಿಗ್ಗಿದ್ದುಂಟು. ಹಿಗ್ಗಿಗೆ ನಮ್ಮ ತಕರಾರಿಲ್ಲ. ಆದರೆ 2021ರಲ್ಲಿ ಆತನಿಗಾದದ್ದನ್ನು ‘ವ್ಯಾಪಾರವೆಂದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ತಳ್ಳಿಹಾಕುವ ಮಾತೂ ಅದೇ ಬಾಯಿಗಳಿಂದ ಬಂದಾಗ ನಾವು ಸುಮ್ಮನಿರಲಾಗಲಿಲ್ಲ.

ಆಟ ಬಲ್ಲದವರಿಗಾಗಿ ಎರಡು ಮಾತು. ಪಿಚರ್ ಎಂದರೆ ಸಣ್ಣ ದಿಬ್ಬದ ಮೇಲೆ ನಿಂತು 60 ಅಡಿ 6 ಅಂಗುಲ ದೂರದ ದಾಂಡಿಗನತ್ತ ಚೆಂಡೆಸೆಯುವವನು. ನಮ್ಮ ವೇಗದ ಬೌಲರನಿಗೆ ಓಡಿಬರುವ ನೆರವಿದೆ; ಈತನಿಗೆ ಅದಿಲ್ಲ. ಗಂಟೆಗೆ 95 ಮೈಲಿಯ ಎಸೆತವೂ ನಿಂತಲ್ಲಿಂದಲೇ, ಸೊಂಟ, ಭುಜ, ಮೊಣಕೈಗಳ ತಿರುಚಿನಿಂದಲೇ ಹೊರಡಬೇಕು. ಕಾಲೇಜಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ ಆಡಿದ ಮೇಲೆ ಇಂಥವರನ್ನು ವೃತ್ತಿಪರ ತಂಡಗಳು ‘ಡ್ರಾಫ್ಟ್’ ಎಂಬ ವಾರ್ಷಿಕ ಆಯ್ಕೆಯಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಇದು ಐಪಿಎಲ್ ಹರಾಜಿನಂತಲ್ಲ. ಹರಾಜಿನಲ್ಲಿ ಒಬ್ಬನಿಗಾಗಿ ಹಲವು ತಂಡಗಳು ಕೈಯೆತ್ತಬಹುದು. ಡ್ರಾಫ್ಟಿನಲ್ಲಿ ಒಂದು ತಂಡ ಹೆಸರು ಕೂಗಿತೆಂದರೆ ಉಳಿದವುಗಳ ಬಾಗಿಲು ಆ ವರ್ಷಕ್ಕೆ ಮುಚ್ಚಿತು. ಮಾರುವವರು ನೂರಾರು, ಪ್ರತಿಯೊಬ್ಬನಿಗೂ ಕೊಳ್ಳುವವನು ಒಬ್ಬನೇ.

ಬೆಲೆ ಕಟ್ಟುವ ವಿದ್ಯೆಯನ್ನು ನಾವು ಹೀಗಳೆಯುವುದಿಲ್ಲ. ಸ್ಕೌಟ್ ಎಂಬ ಪರೀಕ್ಷಕ ಊರೂರು ಅಲೆದು, ಬಿಸಿಲಲ್ಲಿ ಕೂತು, ಹುಡುಗನ ಪ್ರತಿಯೊಂದು ಎಸೆತಕ್ಕೂ 20ರಿಂದ 80ರವರೆಗಿನ ಅಂಕಪಟ್ಟಿಯಲ್ಲಿ ಜಾಗ ಹುಡುಕುತ್ತಾನೆ. 50 ಎಂದರೆ ಅಗ್ರ ಲೀಗಿನ ಸಾಧಾರಣ ಮಟ್ಟ. ನೇರ ವೇಗದ ಎಸೆತಕ್ಕೊಂದು ಅಂಕ, ಕೊನೆಯಲ್ಲಿ ಜಾರಿಕೊಳ್ಳುವ ಸ್ಲೈಡರಿಗೊಂದು, ನಿಧಾನದ ಮೋಸದ ಎಸೆತಕ್ಕೊಂದು, ನಿಯಂತ್ರಣಕ್ಕೊಂದು. ಈಗ ಇದರ ಜೊತೆಗೆ ಟ್ರ್ಯಾಕ್‌ಮ್ಯಾನ್‌ನಂಥ ಯಂತ್ರಗಳು ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಕೈಯಿಂದ ಯಾವ ಎತ್ತರದಲ್ಲಿ ಬಿಡುಗಡೆಯಾಯಿತು ಎಂಬುದನ್ನೂ ಅಳೆಯುತ್ತವೆ. ಇಷ್ಟಾದರೂ ಊಹೆ ಊಹೆಯೇ. 2006ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಟಿಮ್ ಲಿನ್ಸೆಕಮ್ ಆರು ಅಡಿಯೂ ಇಲ್ಲದ ಸಣಕಲನೆಂದು ಅನೇಕರು ಹಿಂಜರಿದರು. ಹತ್ತನೆಯವನಾಗಿ ಆಯ್ಕೆಯಾದ ಆತ 2008 ಮತ್ತು 2009ರಲ್ಲಿ ತನ್ನ ಲೀಗಿನ ಅತ್ಯುತ್ತಮ ಪಿಚರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಎರಡು ಬಾರಿ ಗೆದ್ದ. ಸ್ಟ್ಯಾನ್‌ಫರ್ಡಿನ ಮಾರ್ಕ್ ಅಪೆಲ್‌ಗೆ ಎತ್ತರವಿತ್ತು, ವೇಗವಿತ್ತು. 2013ರಲ್ಲಿ ಇಡೀ ದೇಶಕ್ಕೆ ಮೊದಲನೆಯವನಾಗಿ ಆಯ್ಕೆಯಾದ. ಅಗ್ರ ಲೀಗಿನಲ್ಲಿ ಆತ ಮೊದಲ ಬಾರಿ ಚೆಂಡೆಸೆದದ್ದು 2022ರಲ್ಲಿ, ಮೂವತ್ತರ ಹೊಸ್ತಿಲು ದಾಟಿ. ಪರೀಕ್ಷಕರು ತಪ್ಪುತ್ತಾರೆ, ತಪ್ಪಲಿ. ತಪ್ಪಿದರೆ ಹೊರೆ ಹೊರುವವರು ಯಾರು ಎಂಬುದು ನಮ್ಮ ಪ್ರಶ್ನೆ.

ರಾಕರ್‌ನ ಕಥೆಗೆ ಬರೋಣ. 2019ರ ಜೂನ್ 8ರಂದು, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೊದಲ ವರ್ಷದ ಹುಡುಗನಾಗಿದ್ದಾಗ, ಡ್ಯೂಕ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಆತ ಎದುರಾಳಿಗೆ ಒಂದೂ ಹಿಟ್ ಕೊಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಅದಕ್ಕೆ ಎಸೆದ ಚೆಂಡುಗಳು 131. ವಯಸ್ಸು 19. ಆ ವರ್ಷ ವ್ಯಾಂಡರ್‌ಬಿಲ್ಟ್ ರಾಷ್ಟ್ರೀಯ ಚಾಂಪಿಯನ್ ಆಯಿತು. 2021ರಲ್ಲಿ ಆತ 122 ಇನ್ನಿಂಗ್ಸ್ ಎಸೆದು 179 ಸ್ಟ್ರೈಕ್‌ಔಟ್ ಗಳಿಸಿದ. ಆ ಋತುವಿನಲ್ಲಿ ವೇಗ ಕೆಲವು ವಾರ ಇಳಿಯಿತು, ಮತ್ತೆ ಏರಿತು. ಪರೀಕ್ಷಕರ ಹುಬ್ಬು ಅಲ್ಲಿಯೇ ಗಂಟಿಕ್ಕಿತ್ತು. ಆದರೂ ನ್ಯೂಯಾರ್ಕ್ ಮೆಟ್ಸ್ ಹತ್ತನೆಯ ಸರದಿಯಲ್ಲಿ ಆತನನ್ನು ಆರಿಸಿತು. 60 ಲಕ್ಷ ಡಾಲರಿಗೆ ಮಾತಾಯಿತೆಂದು ವರದಿಯಾಯಿತು. ಆಮೇಲೆ ವೈದ್ಯಕೀಯ ಪರೀಕ್ಷೆ, ಆಮೇಲೆ ಮೌನ. ಆಗಸ್ಟ್ 1ರ ಗಡುವು ಮುಗಿಯಿತು. ತಂಡ ಸಹಿ ಮಾಡಲಿಲ್ಲ.

ಆ ಸಂಜೆ ಇಬ್ಬರ ಕೈಯಲ್ಲಿ ಏನೇನು ಉಳಿಯಿತೆಂದು ನೋಡಿ. ನಿಯಮದ ಪ್ರಕಾರ ತಂಡಕ್ಕೆ ಮುಂದಿನ ವರ್ಷ ಹನ್ನೊಂದನೆಯ ಆಯ್ಕೆ ಪರಿಹಾರವಾಗಿ ದೊರೆಯಿತು. ಕಳೆದುಕೊಂಡದ್ದು ಒಂದೇ ಒಂದು ಮೆಟ್ಟಿಲು ಮತ್ತು ಒಂದು ವರ್ಷ. ಹುಡುಗನಿಗೆ ಸಿಕ್ಕಿದ್ದು ‘ಇವನ ತೋಳಿನಲ್ಲಿ ಏನೋ ಇದೆ’ ಎಂಬ ಗುಸುಗುಸು. ಡ್ರಾಫ್ಟಿಗೆ ಮುಂಚೆಯೇ ಎಂಆರ್‌ಐ ಕೊಟ್ಟವರಿಗೆ ಆ ಸ್ಥಾನಕ್ಕೆ ನಿಗದಿಯಾದ ಮೊತ್ತದ ಶೇಕಡಾ 40ರಷ್ಟಾದರೂ ಕೊಡಬೇಕೆಂಬ ರಕ್ಷಣೆ ಆಗ ಇತ್ತು. ರಾಕರ್ ಕೊಟ್ಟಿರಲಿಲ್ಲ, ಹಾಗಾಗಿ ರಕ್ಷಣೆಯೂ ಇರಲಿಲ್ಲ. ಅದು ಆತನ ಕಡೆಯವರ ಜೂಜು, ಒಪ್ಪುತ್ತೇವೆ. ಚಿಕಿತ್ಸೆಯೇ ಬೇಡವೆಂದು ಆತನ ಪ್ರತಿನಿಧಿ ಸಾರಿದ ಮೇಲೆ ಸೆಪ್ಟೆಂಬರಿನಲ್ಲಿ ಭುಜಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ನಡೆದದ್ದನ್ನೂ ಮರೆಮಾಚುವುದಿಲ್ಲ. ಆದರೆ ಡ್ರಾಫ್ಟಿನ ಆಯ್ಕೆಗಳು ತಂಡಕ್ಕೆ ನಿಗದಿತ ಮೊತ್ತದ ಐದು ಪಟ್ಟಿನವರೆಗೂ ಬೆಲೆಬಾಳುತ್ತವೆಂದು ಅದೇ ದಿನಗಳಲ್ಲಿ ಟ್ವಿಟರಿನಲ್ಲಿ ಪಾಠ ಹೇಳಿದವರು ತಂಡದ ಮಾಲೀಕ ಸ್ಟೀವ್ ಕೋಹೆನ್ ಅವರೇ. ಒಂದು ಕೊಟ್ಟು ಐದು ಪಡೆಯುವ ನಿರೀಕ್ಷೆಯಿದ್ದವರು ಒಂದನ್ನೂ ಪಣಕ್ಕಿಡಲಿಲ್ಲ.

‘ಎತ್ತು ಕೊಳ್ಳುವವನು ಹಲ್ಲು ಎಣಿಸುವುದಿಲ್ಲವೆ?’ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ಎಣಿಸುತ್ತಾನೆ, ಸ್ವಾಮಿ. ಆದರೆ ಹಲ್ಲು ಎಣಿಸಿ ಬೇಡವೆಂದವನಿಗೆ ಮುಂದಿನ ಜಾತ್ರೆಯಲ್ಲಿ ಮುಂದಿನ ಸಾಲಿನ ಜಾಗ ಕಾದಿರಿಸುವ ಪದ್ಧತಿ ಯಾವ ದನದ ಜಾತ್ರೆಯಲ್ಲಿದೆ? ಎತ್ತಿನವನು ಅದೇ ಗಳಿಗೆಯಲ್ಲಿ ಪಕ್ಕದ ಗಿರಾಕಿಯ ಕಡೆ ತಿರುಗಬಲ್ಲ. ರಾಕರ್ ವರ್ಷವಿಡೀ ಕಾಯಬೇಕಾಯಿತು.

ಆತ 2022ರಲ್ಲಿ ಫ್ರಾಂಟಿಯರ್ ಲೀಗ್ ಎಂಬ ಸ್ವತಂತ್ರ ಲೀಗಿಗೆ ಇಳಿದು, ಟ್ರೈ-ಸಿಟಿ ತಂಡಕ್ಕೆ ಐದು ಪಂದ್ಯಗಳಲ್ಲಿ 20 ಇನ್ನಿಂಗ್ಸ್ ಎಸೆದು ತನ್ನ ತೋಳು ಜೀವಂತವಾಗಿದೆಯೆಂದು ತೋರಿಸಿದ. ಟೆಕ್ಸಾಸ್ ರೇಂಜರ್ಸ್ ಮೂರನೆಯ ಸರದಿಯಲ್ಲೇ ಆತನನ್ನು ಆರಿಸಿ 52 ಲಕ್ಷ ಡಾಲರ್ ಕೊಟ್ಟಿತು. ಒಂದೇ ತೋಳು, ಇಬ್ಬರು ಪರೀಕ್ಷಕರು, ಎರಡು ತೀರ್ಪು. 2023ರ ಮೇ ತಿಂಗಳಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಯಿತು: ಹರಿದ ಅಸ್ಥಿರಜ್ಜಿನ ಜಾಗಕ್ಕೆ ಬೇರೆಡೆಯ ಸ್ನಾಯುರಜ್ಜು ಕಸಿಮಾಡುವ, 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಮೊದಲು ಮಾಡಿದ ಚಿಕಿತ್ಸೆ. ‘ನೋಡಿದಿರಾ, ಮೆಟ್ಸ್ ಹೇಳಿದ್ದು ಸರಿ’ ಎಂದರು. ಸರಿಯೋ ತಪ್ಪೋ, ಈ ಚಿಕಿತ್ಸೆ ಇಂದು ಪಿಚರುಗಳ ಬದುಕಿನಲ್ಲಿ ಎಷ್ಟು ಸಾಮಾನ್ಯವೆಂದರೆ, ಅದರ ಭಯದಿಂದ ಕೈಬಿಡುವುದಾದರೆ ಆರಿಸಲು ಹೆಚ್ಚು ಮಂದಿ ಉಳಿಯುವುದಿಲ್ಲ. 2024ರ ಸೆಪ್ಟೆಂಬರ್ 12ರಂದು ಸಿಯಾಟಲ್ ವಿರುದ್ಧ ಆತ ಅಗ್ರ ಲೀಗಿನ ದಿಬ್ಬ ಹತ್ತಿದ.

ಇನ್ನೊಬ್ಬ ಪಾಲುದಾರನನ್ನು ಯಾರೂ ಹೆಸರಿಸುವುದಿಲ್ಲ. ಆ 131 ಎಸೆತಗಳ ಫಲ ಉಂಡವರು ಯಾರು? ಆಗ ಅಗ್ರ ವಿಭಾಗದ ಕಾಲೇಜು ಬೇಸ್‌ಬಾಲ್ ತಂಡವೊಂದು ಕೊಡಬಹುದಾಗಿದ್ದ ಕ್ರೀಡಾ ವಿದ್ಯಾರ್ಥಿವೇತನ ಒಟ್ಟು 11.7, ಅದನ್ನು 27 ಮಂದಿಯವರೆಗೆ ಹಂಚಬಹುದಿತ್ತು. ತಮ್ಮ ಹೆಸರು-ಚಿತ್ರಗಳಿಂದ ಹುಡುಗರು ಕಾಸು ಸಂಪಾದಿಸಬಹುದೆಂದು ಎನ್‌ಸಿಎಎ ಒಪ್ಪಿದ್ದು 2021ರ ಜುಲೈ 1ರಂದು, ರಾಕರ್ ಕಾಲೇಜಿನ ಕೊನೆಯ ಚೆಂಡೆಸೆದ ಮರುದಿನ. ಕಾಲೇಜು ತೋಳನ್ನು ಬಳಸಿತು. ತಂಡ ಬಳಕೆಯ ಗುರುತುಗಳನ್ನು ಎಣಿಸಿ ಹಿಂದೆ ಸರಿಯಿತು.

2022ರ ಒಪ್ಪಂದದಲ್ಲಿ ನಿಯಮ ಕೊಂಚ ಸಡಿಲವಾಗಿದೆ. ಮುಂಚಿತವಾಗಿ ವೈದ್ಯಕೀಯ ಪರೀಕ್ಷೆಗೆ ಒಡ್ಡಿಕೊಳ್ಳುವ ಅಗ್ರ ಅಭ್ಯರ್ಥಿಗಳಿಗೆ ಈಗ ನಿಗದಿತ ಮೊತ್ತದ ಶೇಕಡಾ 75ರ ಭರವಸೆಯಿದೆ. ಒಳ್ಳೆಯದೇ. ಆದರೆ ಇಲ್ಲಿಯೂ ಹುಡುಗನೇ ಮೊದಲು ತನ್ನ ದೇಹವನ್ನು ತೆರೆದಿಡಬೇಕು. ನಾವು ಕೇಳುವುದು ಇನ್ನೂ ಸರಳವಾದದ್ದು: ಆರಿಸಿದವನನ್ನು ವೈದ್ಯಕೀಯ ಕಾರಣಕ್ಕೆ ಕೈಬಿಡುವ ತಂಡಕ್ಕೆ ಪರಿಹಾರದ ಆಯ್ಕೆ ಸಲ್ಲಬಾರದು, ಮತ್ತು ಆ ಆಟಗಾರ ಅದೇ ದಿನ ಉಳಿದ 29 ತಂಡಗಳ ಜೊತೆ ಮಾತಾಡಲು ಸ್ವತಂತ್ರನಾಗಬೇಕು.