ಒಂದೇ ರೂಮು, ಎರಡು ಬಾಡಿಗೆ

ಸಿಇಟಿ ಆಪ್ಷನ್ ಎಂಟ್ರಿ ಶುರುವಾದ ವಾರದಿಂದ ನಮ್ಮ ಫೋನುಗಳಿಗೆ ಬಿಡುವಿರಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಿಂದ ಬೆಂಗಳೂರಿಗೆ ಬಂದು ಈ ಕ್ಯಾಂಪಸ್ಸಿನಲ್ಲಿ ಓದುತ್ತಿರುವ ನಾವೇನು ದೊಡ್ಡ ಗುಂಪಲ್ಲ. ಕ್ಯಾಂಟೀನಿನ ಎರಡು ಟೇಬಲ್ಲಿಗೆ ಸರಿಹೋಗ್ತೀವಿ. ಆದರೆ ಊರಲ್ಲಿ ಯಾರ ಮನೆಯ ಮಕ್ಕಳಿಗೆ ಬೆಂಗಳೂರಿನ ಕಾಲೇಜು ಸಿಗೋ ಹಾಗೆ ಕಂಡರೂ, ಅವರ ಅಪ್ಪನೋ ಮಾಮನೋ ನಮ್ಮಲ್ಲೊಬ್ಬರ ನಂಬರ್ ಹುಡುಕಿ ಫೋನ್ ಮಾಡ್ತಾರೆ. "ಏರಿಯಾ ಸೇಫ್ ಐತೇನಪಾ?" ಅನ್ನೋದು ಒಂದು ಪ್ರಶ್ನೆ. "ರೂಮು ಎಷ್ಟಕ್ಕ ಸಿಗತಾವ?" ಅನ್ನೋದು ಇನ್ನೊಂದು.

ಎರಡನ್ನೂ ಬೇರೆ ಬೇರೆಯಾಗಿ ಕೇಳೋದರಲ್ಲೇ ತೊಂದರೆ ಇದೆ ಅಂತ ನಮಗನ್ನಿಸುತ್ತೆ. ಸೇಫ್ಟಿಗೂ ರೇಟ್ ಇದೆ, ಅದು ಬಾಡಿಗೆಯ ಒಂದು ಭಾಗ. ಮತ್ತೆ ಆ ರೇಟು ಎಲ್ಲರಿಗೂ ಒಂದೇ ಅಲ್ಲ.

ಲೆಕ್ಕ ಹಾಕಿ ನೋಡೋಣ, ಹೇಗೂ ಎಂ-1, ಎಂ-2 ಪಾಸಾಗಿದ್ದೀವಲ್ಲ. ಬಸ್ ಸ್ಟಾಪಿನಿಂದ ಎರಡು ಕಿಲೋಮೀಟರ್ ಒಳಗಿರೋ ಒಂದು ರೂಮು, ಸ್ಟಾಪಿನ ಹತ್ತಿರದ ರೂಮಿಗಿಂತ ತಿಂಗಳಿಗೆ 1,000 ರೂಪಾಯಿ ಕಡಿಮೆ ಅಂತಿಟ್ಟುಕೊಳ್ಳಿ. ಲ್ಯಾಬು, ಲೈಬ್ರರಿ ಮುಗಿಸಿ ರಾತ್ರಿ ಎಂಟೂವರೆಗೆ ಇಳಿದ ಹುಡುಗ ಹಾಡು ಕೇಳ್ತಾ ನಡೆದುಹೋಗ್ತಾನೆ, ಅವನಿಗೆ ಸಾವಿರ ಉಳೀತು. ಅದೇ ಸ್ಟಾಪಿನಲ್ಲಿ ಇಳಿದ ಹುಡುಗಿ ಬೀದಿ ದೀಪ ಇಲ್ಲದ ಆ ರಸ್ತೆ ನೋಡಿ ಆಟೋ ಹತ್ತುತ್ತಾಳೆ. 2025ರ ಆಗಸ್ಟ್ 1ರಿಂದ ಬೆಂಗಳೂರಲ್ಲಿ ಆಟೋ ಮಿನಿಮಮ್ ಚಾರ್ಜು ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ತಿಂಗಳಿಗೆ 22 ದಿನ ಹಿಡಿದರೆ 792. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು, ಅಂದರೆ 54. ಇದೆಲ್ಲ ಮೀಟರ್ ಹಾಕಿದರೆ ಮಾತ್ರ! ಮೀಟರ್ ಹಾಕೋ ಆಟೋ ಸಿಕ್ಕಿದ ದಿನ ನಾವು ಪರಸ್ಪರ ಮೆಸೇಜ್ ಮಾಡಿ ಸಂಭ್ರಮ ಪಡ್ತೀವಿ. ಒಟ್ಟಿನಲ್ಲಿ ಓನರ್ ಇಬ್ಬರಿಗೂ ಹೇಳಿದ್ದು ಒಂದೇ ಬಾಡಿಗೆ, ಇಬ್ಬರೂ ಕಟ್ಟುತ್ತಿರೋದು ಬೇರೆ ಬೇರೆ.

ಶಕ್ತಿ ಯೋಜನೆ ಇದೆಯಲ್ಲ ಅಂತೀರಿ. ಇದೆ. 2023ರ ಜೂನ್ 11ರಿಂದ ಬಿಎಂಟಿಸಿಯ ಆರ್ಡಿನರಿ ಬಸ್ಸು ನಮ್ಮ ಗೆಳತಿಯರಿಗೆ ಫ್ರೀ, ಅದರಿಂದ ದೂರದ ಏರಿಯಾಗಳೂ ಕೈಗೆಟುಕುವಂತಾದವು, ಅದನ್ನು ಒಪ್ಪಲೇಬೇಕು. ಆದರೆ ಬಸ್ಸು ಸ್ಟಾಪಿನವರೆಗೆ ಮಾತ್ರ ಬರುತ್ತೆ. ಮೆಟ್ರೋಗೆ ಶಕ್ತಿ ಇಲ್ಲ, ಅದರ ಮೇಲೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. "ಮೆಟ್ರೋ ಪಕ್ಕದಲ್ಲೇ" ಅಂತ ಹೇಳಿ ಬಾಡಿಗೆ ಏರಿಸೋ ಓನರ್‌ಗಳು ಈ ಲೆಕ್ಕ ಹೇಳಲ್ಲ.

ಇದನ್ನೆಲ್ಲ ಬರೆಯೋಕೆ ಕಾರಣ ಬಾಡಿಗೆಗಿಂತ ದೊಡ್ಡದು. 371(ಜೆ) ಬಂದಮೇಲೆ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ಹೊರಗಿನ ಕಾಲೇಜುಗಳಲ್ಲಿ ಶೇ 8 ಸೀಟು ಮೀಸಲು. ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿದ್ದರಿಂದ ಈ ಸವಲತ್ತಿಗಾಗಿ ಹೋರಾಟ ಮಾಡಿ, ವಾಪಸ್ ಬಳ್ಳಾರಿಗೆ ಸೇರಿದ ಮೇಲೆ ಪಡೆದುಕೊಂಡರು. ಈಗ ಐದೂ ತಾಲ್ಲೂಕು ವಿಜಯನಗರ ಜಿಲ್ಲೆ. ಇಷ್ಟು ಕಷ್ಟಪಟ್ಟು ಸಿಕ್ಕ ಆ ಶೇ 8ರ ಬಾಗಿಲಿಂದ ಹುಡುಗರು ಬರ್ತಾರೆ. ಹುಡುಗಿಯರ ಆಪ್ಷನ್ ಲಿಸ್ಟು ನಮ್ಮ ಕೈಗೆ ಬಂದಾಗ ನೋಡಿದ್ದೀವಿ: ಬೆಂಗಳೂರು ಸಿಗೋ ರ‍್ಯಾಂಕ್ ಇದ್ದರೂ ಮೊದಲ ಸಾಲುಗಳೆಲ್ಲ ದಾವಣಗೆರೆ, ಹೊಸಪೇಟೆ, ಬಳ್ಳಾರಿ. ಆ ಊರುಗಳ ಕಾಲೇಜು ಚೆನ್ನಾಗಿಲ್ಲ ಅಂತ ನಾವು ಹೇಳ್ತಿಲ್ಲ, ಆರಿಸಿಕೊಂಡು ಹೋಗೋದಾದರೆ ಖುಷಿಯಾಗಿ ಹೋಗಲಿ. ಆದರೆ ಕಾರಣ ಕೇಳಿದರೆ "ಬೆಂಗಳೂರು ಸೇಫಲ್ಲ" ಅಂತಾರೆ. ಯಾವ ಏರಿಯಾ, ಯಾವ ರಸ್ತೆ, ಎಷ್ಟು ಹೊತ್ತಿಗೆ ಅಂತ ಯಾರೂ ಕೇಳಿರಲ್ಲ. ಸ್ಟಾಪಿನ ಹತ್ತಿರದ ರೂಮಿಗೆ ತಿಂಗಳಿಗೆ ಇನ್ನೊಂದೆರಡು ಸಾವಿರ ಸೇರಿಸಿದರೆ ಮುಗಿಯೋ ಸಮಸ್ಯೆಗೆ ನಾಲ್ಕು ವರ್ಷದ ಸೀಟನ್ನೇ ಬಿಟ್ಟುಕೊಡ್ತಾರೆ. ಅದೇ ಮನೆಯಲ್ಲಿ ಅಣ್ಣನಿಗೆ ಲಕ್ಷ ರೂಪಾಯಿಯ ಬೈಕು ಬಂದಿರುತ್ತೆ.

ಇನ್ನು ಏರಿಯಾಗಳ ಹೆಸರಿನ ವಿಷಯ. ಲಗ್ಗೆರೆ, ಸುಂಕದಕಟ್ಟೆ, ದಾಸರಹಳ್ಳಿ ಅಂದರೆ ಮೂಗು ಮುರಿಯೋರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಪೀಣ್ಯದ ಫ್ಯಾಕ್ಟರಿ, ಗಾರ್ಮೆಂಟ್ಸ್‌ನಲ್ಲಿ ದುಡಿಯೋರ ಏರಿಯಾ ಅಂತ ಅವರ ತಕರಾರು. ಸಂಜೆ ಏಳಕ್ಕೆ ಅಲ್ಲಿ ನಿಂತು ನೋಡಿ. ಗಾರ್ಮೆಂಟ್ಸ್ ಬಿಟ್ಟು ಟಿಫಿನ್ ಬ್ಯಾಗ್ ಹಿಡಿದು ಗುಂಪು ಗುಂಪಾಗಿ ಬರೋ ಹೆಂಗಸರು, ತರಕಾರಿ ಗಾಡಿ, ಜೋಳದ ರೊಟ್ಟಿ ಖಾನಾವಳಿ, ರಸ್ತೆಗೆ ಕುರ್ಚಿ ಹಾಕಿ ಕೂತ ಅಜ್ಜಿಯರು. ಈಗ ದೊಡ್ಡ ಕಾಂಪೌಂಡುಗಳ ಶ್ರೀಮಂತ ಲೇಔಟೊಂದಕ್ಕೆ ಅದೇ ಹೊತ್ತಿಗೆ ಹೋಗಿ. ದೀಪ ಇರುತ್ತೆ, ಮರ ಇರುತ್ತೆ, ಮನುಷ್ಯರು ಇರಲ್ಲ. ಕೂಗಿದರೆ ನಾಯಿ ಬೊಗಳುತ್ತೆ ಅಷ್ಟೆ. ಜೇನ್ ಜೇಕಬ್ಸ್ ಅನ್ನೋ ಲೇಖಕಿ ಅಮೆರಿಕದ ನಗರಗಳ ಬಗ್ಗೆ 1961ರಲ್ಲಿ ಬರೆದ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಬೀದಿಯನ್ನು ಮುಖ್ಯವಾಗಿ ಕಾಯೋದು ಪೊಲೀಸರಿಗಿಂತ ಅಲ್ಲಿ ಓಡಾಡೋ, ಕಿಟಕಿಯಿಂದ ನೋಡೋ ಜನ. ದೆಹಲಿಯಲ್ಲಿ 2013ರಲ್ಲಿ ಶುರುವಾದ ಸೇಫ್ಟಿಪಿನ್ ಅನ್ನೋ ಆ್ಯಪ್ ಕೂಡ ರಸ್ತೆಗೆ ಅಂಕ ಕೊಡುವಾಗ ಬೆಳಕು, ಫುಟ್‌ಪಾತ್, ಬಸ್ಸಿನ ಜೊತೆಗೆ ಅಲ್ಲಿ ಎಷ್ಟು ಹೆಂಗಸರು ಕಾಣ್ತಾರೆ ಅಂತಲೂ ಲೆಕ್ಕ ಹಿಡಿಯುತ್ತೆ. ಆ್ಯಪ್ ಇಲ್ಲದೆಯೂ ಇದನ್ನು ಎಣಿಸಬಹುದು. ರಾತ್ರಿ ಎಂಟೂವರೆಗೆ ಹತ್ತು ನಿಮಿಷ ನಿಂತರೆ ಸಾಕು.

ನಮ್ಮ ಕಡೆಯವರಿಗೆ ಮಾತ್ರ ಬೇಕಾದ ಇನ್ನೊಂದು ಪರೀಕ್ಷೆ ಇದೆ. ಊರಿಂದ ಬರೋ ರಾತ್ರಿ ಬಸ್ಸುಗಳು ತುಮಕೂರು ರಸ್ತೆಯಲ್ಲಿ ಬಂದು ಗೊರಗುಂಟೆಪಾಳ್ಯ, ಯಶವಂತಪುರ, ಮೆಜೆಸ್ಟಿಕ್‌ನಲ್ಲಿ ಇಳಿಸೋದು ಬೆಳಗಿನ ಜಾವ. ಇನ್ನೂ ಕತ್ತಲು, ಕೈಯಲ್ಲಿ ಬ್ಯಾಗು, ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿ ಡಬ್ಬಿ. ಅಷ್ಟು ಹೊತ್ತಿಗೆ ಅಲ್ಲಿಂದ ರೂಮಿಗೆ ಹೋಗೋಕೆ ಏನಿದೆ? ಪಿಜಿ ಗೇಟು ಆರು ಗಂಟೆಗೆ ತೆಗೆಯೋದಾದರೆ ಅಲ್ಲಿಯವರೆಗೆ ಎಲ್ಲಿ ಕೂರಬೇಕು? ಹಬ್ಬ, ಜಾತ್ರೆ, ರಜೆ ಅಂತ ವರ್ಷಕ್ಕೆ ಎಂಟು ಹತ್ತು ಸಲ ಊರಿಗೆ ಹೋಗಿ ಬರೋರು ನಾವು. ರೂಮು ನೋಡುವಾಗ ಇದನ್ನು ಕೇಳಲೇಬೇಕು.

ಪಿಜಿ ಅಂದಕೂಡಲೇ ಮನೆಯವರಿಗೆ ಸಮಾಧಾನ, "ಗೇಟ್ ಐತಿ, ಸಿಸಿಟಿವಿ ಐತಿ" ಅಂತ. 2024ರ ಜುಲೈನಲ್ಲಿ ಕೋರಮಂಗಲದ ಮಹಿಳಾ ಪಿಜಿಯೊಂದರ ಒಳಗೇ ಬಂದು ಒಬ್ಬ ಯುವತಿಯನ್ನು ಕೊಂದು ಹೋದ. ಅಲ್ಲಿ ಕ್ಯಾಮೆರಾ ಇತ್ತು, ಅದು ರೆಕಾರ್ಡ್ ಮಾಡಿತು. ಆಮೇಲೆ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, 24 ಗಂಟೆಯೂ ಇರೋ ಒಬ್ಬ ಸಿಬ್ಬಂದಿ, ಇತ್ಯಾದಿ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ, ನಿಯಮ ಗೋಡೆ ಮೇಲೆ ಕಾಣಿಸೋದು ಅಪರೂಪ. ಆದರೂ ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಹತ್ತಕ್ಕೆ ಹನ್ನೆರಡು ಅಡಿ ರೂಮಿಗೆ ನಾಲ್ಕು ಮಂಚ ಹಾಕಿದ್ದರೆ ತಲೆಗೆ 30 ಚದರ ಅಡಿ, ಭಾಗಾಕಾರ ಅಷ್ಟೆ. ರಾತ್ರಿ ಕಾವಲಿಗೆ ಯಾರಿರ್ತಾರೆ ಅಂತ ಓನರ್‌ನ ಕೇಳೋದಕ್ಕಿಂತ ಅಲ್ಲಿ ಈಗಿರೋ ಅಕ್ಕಂದಿರನ್ನು ಕೇಳಿ, ಅದೂ ಓನರ್ ಪಕ್ಕದಲ್ಲಿ ಇಲ್ಲದಾಗ.

ನೀರಿನ ಬಗ್ಗೆ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ಹಿಂದೆ ಜನ ಓಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು, ಹೊರವಲಯದ 110 ಹಳ್ಳಿಗಳಿಗೆ ಅಂತ. ಕಾವೇರಿ ಕನೆಕ್ಷನ್ನೋ, ಬೋರೋ, ಟ್ಯಾಂಕರೋ, ಟ್ಯಾಂಕರ್ ಆದರೆ ದುಡ್ಡು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ, ಇಷ್ಟು ಕೇಳಿ. ಅಡ್ವಾನ್ಸ್ ವಿಷಯದಲ್ಲಿ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಬೇಡ ಅನ್ನುತ್ತೆ. ಬೆಂಗಳೂರಿನ ಓನರ್‌ಗಳು ಅದನ್ನು ಓದಿಲ್ಲ. ಬಿಟ್ಟುಹೋಗುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ತಾರೆ, ಅದನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ.

ಇನ್ನೊಂದು ಮಾತನ್ನು ಫೋನಿನಲ್ಲಿ ಯಾರೂ ಬಾಯಿಬಿಟ್ಟು ಕೇಳಲ್ಲ. ಕೂಡ್ಲಿಗಿ ಎಸ್‌ಟಿ ಮೀಸಲು ಕ್ಷೇತ್ರ, ಹಡಗಲಿ, ಹಗರಿಬೊಮ್ಮನಹಳ್ಳಿ ಎಸ್‌ಸಿ ಮೀಸಲು. ನಮ್ಮ ಎರಡು ಟೇಬಲ್ಲುಗಳಲ್ಲೂ ಆ ಮನೆಗಳ ಗೆಳೆಯರಿದ್ದಾರೆ. "ಡೀಸೆಂಟ್ ಏರಿಯಾ" ಅಂತ ಹೇಳಿಸಿಕೊಂಡ ಕಡೆಗೆ ರೂಮು ನೋಡೋಕೆ ಹೋದಾಗ ಅವರಿಗೆ ಮೊದಲು ಎದುರಾಗೋದು "ನೀವು ಯಾವ ಜನ?" ಅನ್ನೋ ಪ್ರಶ್ನೆ, ಇಲ್ಲಾಂದ್ರೆ "ವೆಜ್ ಓನ್ಲಿ" ಬೋರ್ಡು. ರೂಮು ಖಾಲಿ ಇದೆ ಅಂದವರು ಹೆಸರು ಕೇಳಿದ ಮೇಲೆ ನಿನ್ನೆಯೇ ಹೋಯ್ತು ಅಂತಾರೆ. ದಿನಾ ಅಡುಗೆಯ ವಾಸನೆಗೆ ಹೆದರಿಕೊಂಡು ಬದುಕಬೇಕಾದ ಜಾಗವನ್ನು ಸೇಫ್ ಅಂತ ಕರೆಯೋಕೆ ನಾವು ತಯಾರಿಲ್ಲ. "ನಮ್ಮ ಜನ ಇರೋ ಏರಿಯಾ ಐತೇನು?" ಅಂತ ಕೇಳೋ ದೊಡ್ಡವರೂ ಅರಿವಿಲ್ಲದೆ ಇದೇ ಬೋರ್ಡಿಗೆ ಬಣ್ಣ ಹಚ್ತಿರ್ತಾರೆ. ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಗೋ ಹಾಗಿದ್ದರೆ ಅಡ್ಮಿಶನ್ ಆದ ದಿನವೇ ಅರ್ಜಿ ಹಾಕಿ.

ಹೊಸ ಊರನ್ನು ಅಳೆಯೋ ಕಲೆ ನಮ್ಮ ತಾಲ್ಲೂಕುಗಳಿಗೆ ಹೊಸದಲ್ಲ. ತಾಂಡಾಗಳಿಂದ ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯದ ಕಡೆ ಕಬ್ಬು ಕಡಿಯೋಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗೋ ಕುಟುಂಬಗಳು ಜಾಗದ ಹೆಸರು ನೋಡಿ ಹೋಗಲ್ಲ. ಮೊದಲು ಯಾರಾದರೂ ಒಬ್ಬರು ಹೋಗಿ ಬಂದಿರಬೇಕು. ನೀರೆಲ್ಲಿ, ಅಂಗಡಿ ಎಷ್ಟು ದೂರ, ಹೆಣ್ಣುಮಕ್ಕಳು ಬಯಲಿಗೆ ಹೋಗೋಕೆ ಜಾಗ ಎಲ್ಲಿ, ಮೇಸ್ತ್ರಿ ಕೂಲಿ ಸರಿಯಾಗಿ ಕೊಡ್ತಾನಾ ಅಂತ ಅವರು ಕೇಳ್ತಾರೆ. ಎರಡು ಪಿಯುಸಿ ಓದದ ಆ ತಾಯಂದಿರ ಪ್ರಶ್ನೆಗಳ ಮುಂದೆ ಫೋಟೋ, ಸ್ಟಾರು ನೋಡಿ ರೂಮು ಬುಕ್ ಮಾಡೋ ನಮ್ಮ ಪದ್ಧತಿ ತೀರಾ ಪೇಲವ.

ಅದಕ್ಕೇ ಈ ಸಲ ಫೋನ್ ಮಾಡಿದವರಿಗೆ ನಾವು ಏರಿಯಾ ಹೆಸರು ಹೇಳ್ತಿಲ್ಲ, ಬನ್ನಿ ಅಂತಿದ್ದೀವಿ. ಸೀಟು ಖಚಿತ ಮಾಡೋಕೆ ಮುಂಚೆ, ಮಗಳ ಜೊತೆ ಅವಳ ಅವ್ವನೂ ಬರಲಿ. ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿ, ಸ್ಟಾಪಿನಿಂದ ಪಿಜಿಯವರೆಗೆ ರಾತ್ರಿ ಎಂಟೂವರೆಗೆ ನಮ್ಮ ಜೊತೆ ನಡೆದು ನೋಡಲಿ. ಉಳ್ಕೊಳ್ಳೋಕೆ ಸೀನಿಯರ್ ಅಕ್ಕಂದಿರ ರೂಮಿದೆ. ಭಾನುವಾರ ಮಾತ್ರ ಬೇಡ, ಆವತ್ತು ಎಲ್ಲ ಏರಿಯಾನೂ ಸಂತೆ ಥರ ತುಂಬಿರುತ್ತೆ. ಮಂಗಳವಾರವೋ ಬುಧವಾರವೋ ಬನ್ನಿ.